ಬ್ಯಾಟರಿ ಪೆಟ್ಟಿಗೆಯ ತೂತು

“ನನ್ನ ಟ್ರ್ಯಾಕ್ಟರ್ ಮುಟ್ಟಲ್ಲ ಅಂತ ಮದುವೆಯಾದ ಹೊಸದರಲ್ಲಿ ನೀನು ಮಾತು ಕೊಟ್ಟಿದ್ದೆ. ಮರೆತೆಯಾ?”

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದ ಮುದುಕರು ಹೆಂಡತಿಯನ್ನು ಕೇಳಿದರು. ಮಗಳ ಮೇಜಿನ ದೀಪಕ್ಕೆ ಬಲ್ಬು ಕೊಳ್ಳಲು ಹೋಗಿದ್ದೆ. ಆಕೆಯ ಬುಟ್ಟಿಯಲ್ಲಿ ತಂತಿ ಬ್ರಷ್ಷು, ಬಣ್ಣದ ಡಬ್ಬಿ, ರಬ್ಬರ್ ಹಾಸು ಇದ್ದವು.

“ಮರೆತಿಲ್ಲ. ನಾಳೆ ನೀವು ಅದನ್ನ ಗುಜರಿಯವನಿಗೆ ಕೊಡ್ತೀರಲ್ಲ, ಅದನ್ನೂ ಮರೆತಿಲ್ಲ.”

“ಇನ್ನೇನು ಮಾಡ್ಲಿ? ಬ್ಯಾಟರಿ ಮೇಲೆ ಓಡೋ ಹಳೇ ಗಾಡಿ, ಬ್ಯಾಟರಿ ಪೆಟ್ಟಿಗೆನೇ ತುಕ್ಕು ತಿಂದಿದೆ. ವರ್ಷ ವರ್ಷ ಬಣ್ಣ ಬಳಿದೆ, ನಿಲ್ಲಲಿಲ್ಲ.”

“ಬ್ಯಾಟರಿಯಿಂದ ಸೋರಿದ ಆಸಿಡ್ ತೊಳೀದೆ ಬಣ್ಣ ಬಳಿದ್ರೆ? ಸ್ನಾನ ಮಾಡದೆ ಪೌಡರ್ ಹಾಕ್ಕೊಂಡ ಹಾಗೆ.”

“ಒಳಗೆ ನೀರು ನುಗ್ಗಬಾರದು ಅಂತ ತಳದ ತೂತೂ ಮುಚ್ಚಿದ್ದೆ ಕಣೇ.”

“ಅದು ನೀರು ಹೊರಗೆ ಹೋಗೋಕೆ ಇದ್ದ ತೂತು, ಮಹಾರಾಯರೇ. ನೀವು ಮುಚ್ಚಿದ್ದಕ್ಕೇ ಆಸಿಡ್ ಒಳಗೇ ನಿಂತು ತಗಡು ತಿಂತು.”

“ಹೊಸ ತಗಡು ಹಾಕೋರು ಯಾರು?”

“ನನ್ನ ತಮ್ಮ ವೆಲ್ಡಿಂಗ್ ಮಾಡ್ತಾನಲ್ಲ. ಸಂಜೆ ಬರ್ತಾನೆ.”

“ಮೊದಲು ಅಷ್ಟು ಭಾರದ ಬ್ಯಾಟರಿಗಳು ಇಳೀಬೇಕು. ನಾನಂತೂ ಕೈ ಹಾಕಲ್ಲ.”

“ಇಳಿಸಿ ಆಯ್ತು. ಬೆಳಿಗ್ಗೆ ನೀವು ಗೊರಕೆ ಹೊಡೀತಿದ್ದಾಗ ನಾನೂ ತಮ್ಮನೂ ಇಳಿಸಿದ್ವಿ. ಪೆಟ್ಟಿಗೆಗೆ ಅಡುಗೆ ಸೋಡಾ ಕಲಸಿದ ನೀರು ಸುರಿದು, ನೊರೆ ಬರೋದು ನಿಲ್ಲೋವರೆಗೂ ತೊಳೆದೆ. ಗುಜರಿಯವನು ಬಂದ್ರೆ ಬರಿಗೈಲಿ ಹೋಗ್ತಾನೆ.”

ಮುದುಕರು ಬುಟ್ಟಿಯಿಂದ ಬಣ್ಣದ ಡಬ್ಬಿ ಎತ್ತಿ ನೋಡಿದರು.

“ತೂತು ಬಿಡಿಸಿದೆಯಾ?”

“ಅದನ್ನೇ ಮೊದಲು ಬಿಡಿಸಿದ್ದು.”

ಅವರ ಸರದಿ ಬಂತು. ಸಾಮಾನು ತೆಗೆದುಕೊಂಡು ಇಬ್ಬರೂ ಬೀದಿಗಿಳಿದರು. ಮದುವೆಯ ಹೊಸದರಲ್ಲಿ ಕೊಟ್ಟ ಮಾತನ್ನು ಆಕೆ ಬೆಳಿಗ್ಗೆಯೇ ಮುರಿದಿದ್ದರು.