ಏರಿನಲ್ಲಿ ನಿಂತ ಲಾರಿ

ಲಾರಿ ಅಕ್ಕ ಎಂದೇ ಗುರುತಿರುವ ನಾನು, ವಯಸ್ಸು 46 ವರ್ಷ, ಉದ್ಯೋಗ ಲಾರಿ ಚಾಲನೆ, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಗಂಡನ ಹೊಲಿಗೆ ಅಂಗಡಿಯ ಮೇಲಿನ ಮನೆ, ಠಾಣಾಧಿಕಾರಿಗಳ ಮುಂದೆ ಕೂತು ನನ್ನ ಬಾಯಾರೆ ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಹದಿನಾಲ್ಕು ವರ್ಷ ಲಾರಿ ಓಡಿಸಿದ್ದೇನೆ. ಏಳು ವರ್ಷದ ಹಿಂದೆ ನನ್ನ ಅತ್ತೆಗೆ ಲಕ್ವ ಹೊಡೆದು ಅವರು ಹಾಸಿಗೆ ಹಿಡಿದಾಗ ಕೆಲಸ ಬಿಟ್ಟೆ. ಅವರನ್ನು ಮಗ್ಗುಲು ಹೊರಳಿಸುವುದು, ತೊಳೆಯುವುದು, ಉಣ್ಣಿಸುವುದು ನನ್ನ ಪಾಲಿಗೆ ಬಂತು. ಅವರು ನನ್ನ ಮೈದುನನ ತಾಯಿಯೂ ಹೌದು. ಮೈದುನನೂ ಲಾರಿ ಚಾಲಕ. ಆ ಆರು ವರ್ಷ ಅವನ ಲಾರಿ ಮನೆಯ ಕಾರಣಕ್ಕೆ ಒಂದು ದಿನವೂ ನಿಲ್ಲಲಿಲ್ಲ.

ಕಳೆದ ವರ್ಷ ಅತ್ತೆ ತೀರಿಕೊಂಡರು. ನಾನು ಲೈಸೆನ್ಸ್ ನವೀಕರಿಸಿಕೊಂಡು ಮೈದುನನಿರುವ ಸಾಗಣೆ ಕಂಪನಿಯಲ್ಲೇ ಕೆಲಸ ಕೇಳಿದೆ. ಮ್ಯಾನೇಜರ್ ಒಂದು ತಿಂಗಳು ನೋಡೋಣ ಎಂದರು. ಆ ತಿಂಗಳು ಇನ್ನೂ ಮುಗಿದಿಲ್ಲ. ಅಲ್ಲಿ ಒಂದು ಕಟ್ಟಳೆಯಿದೆ. ದಾರಿಯ ನಡುವೆ ಸ್ಟೇರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟವರಿಗೆ ಮರುದಿನದಿಂದ ಲಾರಿ ಇಲ್ಲ. ಇದು ಮೈದುನನಿಗೂ ಗೊತ್ತು. ನಾನು ಸೇರಿದ ದಿನ ಅವನು ನಮ್ಮ ಮನೆಗೆ ಊಟಕ್ಕೆ ಬಂದು, ಸೌಟು ಹಿಡಿದ ಕೈಗೆ ಇನ್ನು ಸ್ಟೇರಿಂಗ್ ಒಗ್ಗುವುದಿಲ್ಲ, ಇದರಿಂದ ಕಂಪನಿಯಲ್ಲಿ ತನ್ನ ಮಾನವೂ ಹೋಗುತ್ತದೆ ಎಂದು ನನ್ನ ಗಂಡನಿಗೆ ಹೇಳಿದ. ನನ್ನ ಗಂಡ, ಸೌಟು ಈಗ ತನ್ನ ಕೈಯಲ್ಲಿದೆ, ಇನ್ನಷ್ಟು ಬಡಿಸಲೇ ಎಂದು ಕೇಳಿದರು.

ಈ ದಿನ ಬೆಳಿಗ್ಗೆ ಹದಿನಾರು ಟನ್ ನೆಲದ ಟೈಲ್ಸ್ ಹೇರಿಕೊಂಡು ಗೋದಾಮಿನಿಂದ ಹೊರಟೆ. ಸುಮಾರು 11 ಗಂಟೆಗೆ ಗುಡ್ಡದ ರಸ್ತೆಯಲ್ಲಿ ತಡೆಗೋಡೆ ಕಟ್ಟುತ್ತಿರುವ ಜಾಗಕ್ಕೆ ಬಂದೆ. ಅಲ್ಲಿ 200 ಮೀಟರ್ ಉದ್ದಕ್ಕೆ ಒಂದೇ ಗಾಡಿ ಹಿಡಿಯುವಷ್ಟು ದಾರಿ. ನಾನು ಕೆಳಗಿನ ತುದಿಯಿಂದ ಹೊಕ್ಕು 150 ಮೀಟರ್ ಏರಿದ್ದೆ. ಆಗ ಮೇಲಿನಿಂದ ಮೈದುನನ ಖಾಲಿ ಲಾರಿ ಹಾರ್ನ್ ಹೊಡೆಯುತ್ತ ಇಳಿದು ಬಂದು ನನ್ನ ಬಂಪರಿನಿಂದ ನಾಲ್ಕು ಅಡಿ ದೂರದಲ್ಲಿ ನಿಂತಿತು. ಅವನ ಹಿಂದೆ ಆಗ ಬೇರೆ ಗಾಡಿ ಇರಲಿಲ್ಲ.

ಲಾರಿಯವರಲ್ಲಿ ಒಂದು ರೂಢಿಯಿದೆ. ಭಾರ ಹೊತ್ತು ಏರು ಹತ್ತುವವರಿಗೆ ಖಾಲಿಯಾಗಿ ಇಳಿಯುವವರು ದಾರಿ ಬಿಡಬೇಕು, ಬೇಕಾದರೆ ಹಿಂದಕ್ಕೂ ಹೋಗಬೇಕು. ಅದಕ್ಕೆ ಬೋರ್ಡ್ ಹಾಕುವುದಿಲ್ಲ. ಹೆಡ್‌ಲೈಟ್ ಒಮ್ಮೆ ಮಿನುಗಿಸಿದರೆ ಸಾಕು. ನಾನು ಮಿನುಗಿಸಿದೆ. ಅವನು ಎಂಜಿನ್ ಆರಿಸಿ, ಇಳಿದು ಬಂದು, ನನ್ನ ಬಾಗಿಲಿನ ಮೆಟ್ಟಿಲ ಮೇಲೆ ನಿಂತ.

"ಇಳೀರಿ ಅತ್ತಿಗೆ. ನಾನೇ ಕೆಳಗಡೆವರೆಗೂ ರಿವರ್ಸ್ ತಗೊಂಡು ಹೋಗಿ ಕೊಡ್ತೀನಿ. ಮನೆಯವರ ಹತ್ರ ಏನು ನಾಚಿಕೆ?" ಎಂದು ಕೀಗೆ ಕೈ ಹಾಕಿದ.

ನಾನು ಕೈಬ್ರೇಕ್ ಎಳೆದು, ಅವನಿಗಿಂತ ಮೊದಲು ಕೀ ತೆಗೆದು ಜೇಬಿಗೆ ಹಾಕಿಕೊಂಡೆ. ಕೆಳಗಿಳಿದು ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟೆ. ಮತ್ತೆ ಹತ್ತಿ ಕೂತು ಡಬ್ಬಿ ಬಿಚ್ಚಿ ಊಟ ಮಾಡಿದೆ. ಆಗ ನನಗೆ ಹಸಿವಿರಲಿಲ್ಲ.

ಅಷ್ಟರಲ್ಲಿ ಅವನ ಹಿಂದೆ ಒಂದು ಬಸ್ಸು ಬಂದು ನಿಂತಿತು. ಮೈದುನ ಅದರ ಕಂಡಕ್ಟರಿಗೂ ಪ್ರಯಾಣಿಕರಿಗೂ, ಈಕೆ ಆರು ವರ್ಷ ಮನೆಯಲ್ಲಿದ್ದವರು, ಹಿಂದಕ್ಕೆ ಹೋಗಲು ಬಾರದೆ ಕೂತಿದ್ದಾರೆ, ಕಾಲು ನಡುಗುತ್ತಿದೆ ನೋಡಿ ಎಂದು ಹೇಳಿದ. ಕೆಲವರು ನಕ್ಕರು. ನನ್ನ ಎಡಗಾಲು ನಡುಗುತ್ತಿದ್ದುದು ನಿಜ. ಹಿಂದಕ್ಕೆ ಹೋಗಲು ಬಾರದು ಎಂಬುದು ಸುಳ್ಳು.

12 ಗಂಟೆಗೆ ಠಾಣಾಧಿಕಾರಿಗಳು ಬಂದರು. ಅಭ್ಯಾಸ ತಪ್ಪಿದೆ, ಕೈಯಲ್ಲಾಗುತ್ತಿಲ್ಲ ಎಂದು ಹೇಳಿದರೆ ಬೇರೆಯವರಿಂದ ಲಾರಿ ತೆಗೆಸುತ್ತೇವೆ, ಕೇಸು ಹಾಕುವುದಿಲ್ಲ, ಗೊತ್ತಿದ್ದೂ ದಾರಿ ಅಡ್ಡಗಟ್ಟಿದ್ದರೆ ಕೇಸು, ದಂಡ ಎರಡೂ ಆಗುತ್ತವೆ ಎಂದು ತಿಳಿಸಿದರು. ಇದನ್ನು ಅವರು ಎರಡು ಸಲ, ಮರ್ಯಾದೆಯಿಂದಲೇ ಹೇಳಿದರು. ನನಗೆ ಹಿಂದಕ್ಕೆ ಹೋಗಲು ಗೊತ್ತಿದೆ ಎಂದು ಎರಡು ಸಲವೂ ಉತ್ತರಿಸಿದೆ. ಹಾಗಾದರೆ ಯಾಕೆ ಹೋಗುವುದಿಲ್ಲ ಎಂದು ಕೇಳಿದರು.

"ದಾರಿ ನಂದು ಸಾರ್, ಅದಕ್ಕೆ."

ಅವರು ಎರಡೂ ಕಡೆಯ ದೂರ ನೋಡಿ, ಮೊದಲು ಬಸ್ಸನ್ನು, ಅದರ ಹಿಂದೆಯೇ ಮೈದುನನನ್ನು ಹಿಂದಕ್ಕೆ ಹೋಗಲು ಹೇಳಿದರು. ಮೈದುನ ಐವತ್ತು ಮೀಟರ್ ಹೋಗಲು ಎರಡು ಸಲ ಮುಂದೆ ಬಂದು ಸರಿಮಾಡಿಕೊಂಡ. ನಾನು ಹಾರ್ನ್ ಹೊಡೆಯಲಿಲ್ಲ.

ಮರದ ತುಂಡು ತೆಗೆದು ನಾನು ಮೇಲಿನ ಅಗಲ ಜಾಗಕ್ಕೆ ಹತ್ತಿದೆ. ಅಲ್ಲಿ ಮೈದುನ ಎಲ್ಲರಿಗೂ ಕೇಳುವಂತೆ, ಮುಂದಕ್ಕಾದರೆ ಯಾರು ಬೇಕಾದರೂ ಓಡಿಸುತ್ತಾರೆ ಎಂದ. ನಾನು ಠಾಣಾಧಿಕಾರಿಗಳಿಗೆ ಹತ್ತು ನಿಮಿಷ ಬಸ್ಸು ಬಿಡಬೇಡಿ ಎಂದು ಕೇಳಿಕೊಂಡೆ. ಕಾರಣ ಹೇಳಲಿಲ್ಲ. ಕೆಳಗಿನಿಂದ ಬೇರೆ ಗಾಡಿ ಬಂದಿರಲಿಲ್ಲ. ರಿವರ್ಸ್ ಗೇರ್ ಹಾಕಿ ಅದೇ ದಾರಿಯಲ್ಲಿ, ಅದೇ ಭಾರದೊಂದಿಗೆ, ಕನ್ನಡಿ ನೋಡಿಕೊಂಡು 200 ಮೀಟರನ್ನೂ ಹಿಂದಕ್ಕೆ ಇಳಿದೆ. ಗೋಡೆಗೂ ಲಾರಿಗೂ ನಡುವೆ ಒಂದು ಗೇಣು ಜಾಗವಿತ್ತು. ಎಲ್ಲಿಯೂ ತಾಗಲಿಲ್ಲ. ಒಮ್ಮೆಯೂ ಮುಂದೆ ಬಂದು ಸರಿಮಾಡಿಕೊಳ್ಳಲಿಲ್ಲ. ಕೆಳಗೆ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಹತ್ತಿದೆ.

ಪ್ರಯಾಣಿಕರು ಇಳಿದು ಸಾಲಾಗಿ ನಿಂತಿದ್ದರು. ಕಂಡಕ್ಟರ್ ಹತ್ತಿರ ಬಂದು, "ಅಕ್ಕಾ, ಇನ್ನೊಂದ್ಸಲ ಬೇಡಿ. ನಮ್ಮ ಬಸ್ಸಿಗೆ ಆಗಲೇ ಹೊತ್ತಾಗಿದೆ" ಎಂದ. ಮೈದುನ ತನ್ನ ಲಾರಿಯ ಟೈರಿನ ಕಡೆ ನೋಡುತ್ತಿದ್ದ.

ಬಸ್ಸಿನವರಿಗೆ ನನ್ನಿಂದ ತೊಂದರೆಯಾಗಿದೆ. ಅದನ್ನು ಒಪ್ಪುತ್ತೇನೆ, ದಂಡ ಕಟ್ಟುತ್ತೇನೆ. ಈ ಹೇಳಿಕೆ ಬರೆಯುವಾಗ ಠಾಣೆಯ ಬರಹಗಾರರು ನನ್ನ ಒಳ್ಳೆಯದಕ್ಕೇ ಎಂದು "ಅಭ್ಯಾಸವಿಲ್ಲದ ಕಾರಣ" ಎಂದು ಸೇರಿಸಿದ್ದರು. ನಾನು ಹೇಳಿ ಅದನ್ನು ಹೊಡೆದು ಹಾಕಿಸಿದ್ದೇನೆ. ನಾನು ತಿಳಿದೇ ನಿಂತೆ, ತಿಳಿದೇ ಹಿಂದಕ್ಕೆ ಹೋಗಲಿಲ್ಲ. ಕೇಸನ್ನು ಹಾಗೆಯೇ ದಾಖಲಿಸಬೇಕು, ಮತ್ತು ಅದರ ಒಂದು ಪ್ರತಿಯನ್ನು ಈ ದಿನವೇ ನಮ್ಮ ಮ್ಯಾನೇಜರಿಗೆ ಕಳಿಸಬೇಕು ಎಂದು ಕೋರುತ್ತೇನೆ. ಲಾರಿ ಯಾರ ಕೈಯಲ್ಲಿತ್ತು ಎಂಬುದನ್ನು ಅವರು ಪೊಲೀಸರ ಬರಹದಲ್ಲೇ ಓದಲಿ.

ಇದಿಷ್ಟನ್ನೂ ನಾನೇ ಓದಿ ನೋಡಿದ್ದೇನೆ. ನಡೆದದ್ದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಟೈಲ್ಸ್ ಸಂಜೆಯೊಳಗೆ ತಲುಪಬೇಕಾಗಿರುವುದರಿಂದ ರುಜು ಹಾಕಿ ಹೊರಡುತ್ತಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆ ನಡೆದ ದಿನವೇ, ಮಧ್ಯಾಹ್ನ 2.20
ರುಜು: ಲಾರಿ ಚಾಲಕಿ