ಶನಿವಾರದ ಸೌನಾ

ತಾಂಪೆರೆ ನಗರದ ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಐಮೊನ ಮುಂದೆ ಇಬ್ಬರು ಮಾತಿಗೆ ಬಿದ್ದಿದ್ದರು. ತೂಲಿಕ್ಕಿ ಎಂಬಾಕೆಗೆ, ತನ್ನ ಮನೆಯ ಸೌನಾದ, ಅಂದರೆ ಬರಿಮೈಯಲ್ಲಿ ಕೂತು ಹಬೆ ತೆಗೆದುಕೊಳ್ಳುವ ಕೋಣೆಯ, ನೆಲಕ್ಕೆ ಟೈಲ್ಸ್ ಹಾಕಿದ್ದ ಗುತ್ತಿಗೆದಾರ ಅಲ್ಲೇ ಸಿಕ್ಕಿಬಿದ್ದಿದ್ದ.

“ಇಳಿಜಾರು ಸರಿಯಾಗೇ ಕೊಟ್ಟಿದ್ದೀನಿ, ತೂಲಿಕ್ಕಿಯವ್ರೇ.”

“ಹಂಗಾದ್ರೆ ನೀರು ಮೂಲೇಲಿ ಯಾಕೆ ನಿಲ್ಲುತ್ತೆ, ಔಲಿಸ್? ಅಪ್ಪ ಎರಡು ಸಲ ಜಾರಿದ್ರು.”

“ಒರೆಸ್ಕೊಂಡ್ರೆ ಆಯ್ತಲ್ಲ.”

“ಎಂಬತ್ತಾರು ವರ್ಷದವ್ರು ಬಗ್ಗಿ ಒರೆಸ್ಬೇಕಾ? ಜಗಳ ಬೇಡ. ಶನಿವಾರ ನಮ್ಮನೆ ಸೌನಾಗೆ ಬಾ.”

“ನಾನಾ?”

“ನೀನೇ. ಮೇಲಿನ ಹಲಗೆ ಮೇಲೆ ಅಪ್ಪನ ಪಕ್ಕ ಕೂತ್ಕೋ. ಹಬೆ ಸಾಕಾದ್ಮೇಲೆ ಕೈ ಹಿಡಿದು ಕೆಳಗಿಳಿಸು. ಆಮೇಲೂ ನೆಲ ಸರಿಯಿದೆ ಅಂದ್ರೆ ನಾನು ತುಟಿ ಬಿಚ್ಚಲ್ಲ.”

ಅಂಥ ಕರೆಗೆ ಹೇಗೆ ಒಲ್ಲೆ ಅನ್ನುವುದೆಂದು ಐಮೊಗೂ ತೋಚಲಿಲ್ಲ. ಔಲಿಸ್ ಕತ್ತು ಕೆರೆದುಕೊಂಡ.

“ಅವ್ರ ಪಕ್ಕ ಬರೀ ಮೈಲಿ ಕೂತು ಸುಳ್ಳು ಹೇಳಕ್ಕಾಗುತ್ತಾ? ಸೋಮವಾರ ಬಂದು ಎಲ್ಲಾ ಕಿತ್ತು ಹೊಸದಾಗಿ ಹಾಕ್ತೀನಿ.”

“ಹಾಕು. ಆದ್ರೆ ಶನಿವಾರ ತಪ್ಪಿಸ್ಬೇಡ. ಅಪ್ಪಂಗೆ ಜೊತೆಗೆ ಜನ ಬೇಕು.”

ಅವನು ಸಾಲು ಬಿಟ್ಟು ಸಿಮೆಂಟ್ ಚೀಲಗಳ ಕಡೆ ನಡೆದ. ತೂಲಿಕ್ಕಿಯೂ ಹಿಂದೆಯೇ ಹೊರಟಳು.

“ಅದಲ್ಲ, ಪಕ್ಕದ್ದು! ಈ ಸಲ ನಾನೇ ಆರಿಸ್ತೀನಿ.”