ನನ್ನ ತಿಥಿ ನಿಶ್ಚಯವಾಗಿದೆ

ಅಧ್ಯಕ್ಷತೆ ವಹಿಸಿರುವ ವಾರ್ಡನ್ ಮೇಡಂ ಅವರೇ, ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿರುವ ಅತಿಥಿಗಳೇ, ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿರುವ ತಂದೆತಾಯಿಗಳೇ, ಕುರ್ಚಿಯೇ ಸಿಗದೆ ಗೋಡೆಗೆ ಒರಗಿರುವ ಗೆಳತಿಯರೇ ಮತ್ತು ಸಮಸ್ತ ಸಭಿಕರೇ,

ಮೊದಲು ಕ್ಷಮಿಸಿ. ಇಲ್ಲಿ ನಿಲ್ಲಬೇಕಾದವಳು ನಾನಲ್ಲ. ‘ರಜಾದಿನಗಳ ಒತ್ತಡವನ್ನು ನಿಭಾಯಿಸುವುದು ಹೇಗೆ’ ಎಂದು ಹೇಳಿಕೊಡಲು ಮನೋವೈದ್ಯರೊಬ್ಬರು ಬರಬೇಕಿತ್ತು. ಅವರು ರಜೆಯ ಮೇಲಿದ್ದಾರಂತೆ. ಬಹುಶಃ ನಿಭಾಯಿಸುವ ರೀತಿ ಅದೇ ಇರಬೇಕು. ಮೇಡಂ ಮೊದಲ ವರ್ಷದವರ ಸಾಲಿನ ಮೇಲೆ ಕಣ್ಣಾಡಿಸಿ ನನ್ನತ್ತ ಬೆರಳು ತೋರಿಸಿದರು.

“ನಾನ್ಯಾಕೆ ಮೇಡಂ?”

“ಇಡೀ ಹಾಸ್ಟೆಲ್‌ನಲ್ಲಿ ನಿನ್ನಷ್ಟು ಟೆನ್ಷನ್ ಮಾಡ್ಕೊಳ್ಳೋರು ಇನ್ಯಾರಿದಾರಮ್ಮ? ಹತ್ತು ಸ್ಟೇಜ್ ಮೇಲೆ.”

ಇದನ್ನು ನಾನು ಹೊಗಳಿಕೆ ಎಂದೇ ಸ್ವೀಕರಿಸಿದ್ದೇನೆ. ನನ್ನ ಕನ್ನಡದ ಬಗ್ಗೆಯೂ ಕ್ಷಮೆ ಇರಲಿ. ಒಂದನೇ ಕ್ಲಾಸಿನಿಂದಲೂ ಹಾಸ್ಟೆಲ್ ಹುಡುಗಿ ನಾನು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಗಾಬರಿಯಾದರೆ ಎರಡೂ ಕೈಕೊಡುತ್ತವೆ.

ಸಭಿಕರೇ, ರಜೆ ಎಂದರೇನು? ನಿಮಗೆ ನಿದ್ದೆ ಇರಬಹುದು, ಪ್ರವಾಸ ಇರಬಹುದು. ನನಗೆ ಮಾತ್ರ ಅದು ಸಿಲಬಸ್ ಇಲ್ಲದ ಪರೀಕ್ಷೆ. ಮನೆಗೆ ಹೋದರೆ ನಾನು ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ಕ್ಯೂ ನಿಲ್ಲುತ್ತೇನೆ. ನನ್ನ ಹಿಂದೆ ಯಾರೂ ಇರುವುದಿಲ್ಲ, ಮುಂದೆಯೂ ಯಾರೂ ಇರುವುದಿಲ್ಲ. ಲೈಟ್ ಆರಿಸಲೇ ಎಂದು ಅಪ್ಪನ ಪರ್ಮಿಷನ್ ಕೇಳುತ್ತೇನೆ. ಅವರೋ ನನಗಾಗಿ ಹೊಸ ಸೋಪು ಬಿಚ್ಚುತ್ತಾರೆ, ಬೀರುವಿನಿಂದ ನೆಂಟರ ಟವೆಲ್ ತೆಗೆಯುತ್ತಾರೆ. ತಮ್ಮನಿಗಂತೂ ಖುಷಿಯೋ ಖುಷಿ. “ಅಕ್ಕ ಬಂದ್ರೆ ಕ್ರೀಮ್ ಬಿಸ್ಕೆಟ್ ಬರುತ್ತೆ” ಅನ್ನುತ್ತಾನೆ. ಅಕ್ಕ ಬಂದದ್ದಕ್ಕೋ ಬಿಸ್ಕೆಟ್ ಬಂದದ್ದಕ್ಕೋ, ನಾನು ವಿಚಾರಿಸಿಲ್ಲ.

ಇದನ್ನೆಲ್ಲ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ಒಂದೇ ಒಂದು. ಬಾಗಿಲು ತೆರೆದು, ನಾನು ಚಪ್ಪಲಿ ಬಿಡುವುದಕ್ಕೂ ಮೊದಲೇ, ಅಮ್ಮ ಕೇಳುತ್ತಾಳೆ: “ಬಂದ್ಯಾ? ವಾಪಸ್ ಹೊರಡೋದು ಯಾವತ್ತು?”

ಪ್ರತಿ ಸಲವೂ ಅದೇ. ಬಂದವಳನ್ನು ಹೀಗೆ ಕೇಳಿದರೆ ಏನೆಂದು ತಿಳಿದುಕೊಳ್ಳಬೇಕು, ನೀವೇ ಹೇಳಿ?

ಇರಲಿ, ವಿಷಯಕ್ಕೆ ಬರುತ್ತೇನೆ. ಒತ್ತಡ. ಉಸಿರು ಎಳೆದುಕೊಳ್ಳಿ. ಬಿಡಿ. ಆಯಿತು, ವಿಷಯ ಮುಗಿಯಿತು. ಉಳಿದದ್ದು ನನ್ನದೇ ಕಥೆ.

ಹೋದ ರಜೆಯಲ್ಲಿ ದೊಡ್ಡಪ್ಪ ಎಲ್ಲರೆದುರು, “ನಿನ್ನ ಕನ್ನಡ ಕೇಳಿದ್ರೆ ಕನ್ನಡಕ್ಕೇ ಜ್ವರ ಬರುತ್ತೆ ಕಣೇ” ಅಂದಿದ್ದರು. ಈ ಸಲ ಅವರ ಬಾಯಿ ಮುಚ್ಚಿಸಬೇಕು ಎಂದು ಹಟ ತೊಟ್ಟೆ. ನಮ್ಮ ಕನ್ನಡ ಮೇಡಂ ಕ್ಲಾಸಿನಲ್ಲಿ ಹೇಳಿದ್ದರು: ತಿಥಿ ಎಂದರೆ ದಿನ, ಅತಿಥಿ ಎಂದರೆ ದಿನ ಗೊತ್ತುಮಾಡದೆ ಬರುವವರು. ಮೇಡಂ ಇಲ್ಲೇ ಇದ್ದಾರೆ, ತಲೆ ತಗ್ಗಿಸಿದ್ದಾರೆ. ನಿಮ್ಮ ತಪ್ಪೇನಿಲ್ಲ ಮೇಡಂ. ನೀವು ಪೂರ್ತಿ ಹೇಳಿರುತ್ತೀರಿ, ನಾನು ಅರ್ಧಕ್ಕೇ ನಿದ್ದೆ ಹೋಗಿರುತ್ತೇನೆ.

ಮನೆಯವರ ಗ್ರೂಪಿಗೆ ಅಚ್ಚ ಕನ್ನಡದಲ್ಲಿ ಮೆಸೇಜ್ ಹಾಕಿದೆ. ‘ಪ್ರೀತಿಯ ಬಂಧುಗಳೇ, ನನ್ನ ತಿಥಿ ನಿಶ್ಚಯವಾಗಿದೆ. ಬರುವ ಭಾನುವಾರ. ಎಲ್ಲರೂ ತಪ್ಪದೆ ಸೇರಬೇಕು. ಊಟ ಭರ್ಜರಿಯಾಗಿರಲಿ. ಹೋದ ಸಲದಂತೆ ಯಾರೂ ಅಳಬಾರದು.’

ನಗಿ, ನಗಿ. ಸತ್ತವರಿಗೆ ಮಾಡುವುದಕ್ಕೂ ತಿಥಿ ಅಂತಲೇ ಹೇಳುತ್ತಾರೆ ಎಂದು ನಿಮಗೆಲ್ಲ ಗೊತ್ತು. ನನಗೆ ಯಾರು ಹೇಳಬೇಕು? ಹಾಸ್ಟೆಲ್‌ನಲ್ಲಿ ಯಾರೂ ಸಾಯುವುದಿಲ್ಲ, ಬರೀ ಫೇಲಾಗುತ್ತಾರೆ.

ದೊಡ್ಡಪ್ಪ ಬರೆದರು: “ಯಾವಾಗ ಹೋದೆಯಮ್ಮ?” ಅತ್ತೆ ಬರೀ ಅಳುವ ಮುಖಗಳನ್ನು ಕಳಿಸಿದರು. ತಮ್ಮ ಕೇಳಿದ: “ಹಾಗಾದ್ರೆ ಅಕ್ಕನ ರೂಮು ನನಗಾ?”

ಅಷ್ಟರಲ್ಲಿ ಅಮ್ಮನ ಫೋನ್. “ಏನೇ ಇದು? ಬದುಕಿದೀಯಾ?”

“ಬದುಕಿರೋದಕ್ಕೇ ಬರ್ತಿದೀನಮ್ಮ! ತಿಥಿ ಅಂದ್ರೆ ಡೇಟು. ನೀನು ಯಾವಾಗ್ಲೂ ಹೊರಡೋ ಡೇಟ್ ಕೇಳ್ತೀಯಲ್ಲ, ಅದಕ್ಕೇ ಈ ಸಲ ಬರೋ ಡೇಟನ್ನ ಮೊದಲೇ ಹೇಳಿದೆ.”

ಅಮ್ಮ ನಕ್ಕಳು. ಎಷ್ಟು ನಕ್ಕಳೆಂದರೆ ಫೋನ್ ಕೆಳಗೆ ಬಿದ್ದ ಸದ್ದು ಕೇಳಿಸಿತು. ಎತ್ತಿಕೊಂಡಾಗ ನಗು ನಿಂತಿತ್ತು. “ನಾನು ಹೊರಡೋ ದಿನ ಯಾಕೆ ಕೇಳ್ತೀನಿ ಗೊತ್ತೇನೇ ನಿಂಗೆ?” ಅಂದಳು.

ಆಗ ಗಂಟೆ ಹೊಡೆಯಿತು. ನಮ್ಮ ಹಾಸ್ಟೆಲ್ ನಿಯಮ ನಿಮಗೆ ಗೊತ್ತೇ ಇದೆ: ಗಂಟೆ ಹೊಡೆದರೆ ಫೋನ್ ವಾರ್ಡನ್ ಮೇಡಂ ಕೈಗೆ. ಅಮ್ಮ ಇನ್ನೂ ಮಾತಾಡುತ್ತಿರುವಾಗಲೇ ಮೇಡಂ ಫೋನ್ ತೆಗೆದುಕೊಂಡರು.

ಮರುದಿನ ನಾನೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಉತ್ತರ ಗೊತ್ತಾಗಿಬಿಟ್ಟರೆ? ಬದಲಿಗೆ ಮೇಡಂ ಹತ್ತಿರ ಹೋಗಿ, “ಓದೋದಿದೆ, ರಜೆಯಲ್ಲಿ ಇಲ್ಲೇ ಇರ್ತೀನಿ” ಅಂದೆ. ನನ್ನ ಪುಸ್ತಕಗಳು ಎಷ್ಟು ಹೊಸದಾಗಿವೆ ಎಂದು ಮೇಡಂಗೆ ಗೊತ್ತು. “ಸಭೆ ಮುಗಿಯೋದರೊಳಗೆ ಸರಿಯಾಗಿ ಯೋಚನೆ ಮಾಡಿ ಹೇಳು. ಆಮೇಲೆ ನಾನು ಹಾಸ್ಟೆಲ್‌ಗೆ ಬೀಗ ಹಾಕ್ಬೇಕು” ಅಂದರು. ಬೀಗದ ಕೈ ಗೊಂಚಲು ಈಗಲೂ ಅವರ ಬೆರಳಲ್ಲೇ ತಿರುಗುತ್ತಿದೆ.

ಆದರೆ ಸಭಿಕರೇ, ನಾನು ಮೈಕ್ ಹಿಡಿಯುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಒಬ್ಬರು ಒಳಗೆ ಬಂದರು. ಕೊನೆಯ ಸಾಲಿನಲ್ಲಿ, ಮಡಿಲಲ್ಲಿ ಬ್ಯಾಗ್ ಇಟ್ಟುಕೊಂಡು ಕೂತಿದ್ದಾರೆ. ಬ್ಯಾಗಿನ ಬಾಯಿಂದ ನೆಂಟರ ಟವೆಲ್ಲಿನ ತುದಿ ಕಾಣುತ್ತಿದೆ. ಬರುತ್ತೇನೆಂದು ಹೇಳಿರಲಿಲ್ಲ, ದಿನವನ್ನೂ ತಿಳಿಸಿರಲಿಲ್ಲ. ಕನ್ನಡ ಮೇಡಂ ಪ್ರಕಾರ ಈ ಸಭೆಯಲ್ಲಿ ನಿಜವಾದ ಅತಿಥಿ ಅವರೊಬ್ಬರೇ. ಮೆತ್ತನೆ ಕುರ್ಚಿಯಲ್ಲಿರುವವರು ಬೇಸರಪಟ್ಟುಕೊಳ್ಳಬಾರದು.

ಅಮ್ಮಾ, ಅಳ್ಬೇಡ, ಎಲ್ರೂ ತಿರುಗಿ ನೋಡ್ತಿದಾರೆ. ಅವತ್ತು ಗಂಟೆ ಹೊಡೆದು ನಿನ್ನ ಮಾತು ಅರ್ಧಕ್ಕೇ ನಿಂತಿತ್ತು. ಹೊರಡೋ ದಿನ ಯಾಕೆ ಕೇಳ್ತೀಯ? ನಾನು ಬೇಗ ಹೋಗ್ಲಿ ಅಂತಾನಾ, ಹೋಗ್ಬಿಡ್ತೀನಲ್ಲಾ ಅಂತಾನಾ?

ತಾಳ್ಮೆಯಿಂದ ಕೇಳಿದ ಎಲ್ಲರಿಗೂ, ಬಾರದೆ ಉಪಕಾರ ಮಾಡಿದ ಮನೋವೈದ್ಯರಿಗೂ ಧನ್ಯವಾದಗಳು. ಎಲ್ಲರಿಗೂ ನಮಸ್ಕಾರ.

ಅಮ್ಮಾ, ಬೇಗ ಹೇಳು. ವಾರ್ಡನ್ ಮೇಡಂ ಎದ್ದು ನಿಂತರು.